ನೆರೆಯ ಮಾತಷ್ಟೇ ಬಲ್ಲ ಸಾವಿರ ರೋಬಾಟ್‌ಗಳು

ಸ್ವಾತಂತ್ರ್ಯ ದಿನದಂದು ಮಕ್ಕಳು ಮೈದಾನದಲ್ಲಿ ನಕ್ಷತ್ರದ ಆಕಾರದಲ್ಲಿ ನಿಲ್ಲುವುದನ್ನು ನೀವು ನೋಡಿರಬಹುದು. ಅದಕ್ಕೆ ಸುಣ್ಣದ ಗೆರೆ ಬೇಕು, ಸೀಟಿ ಊದುವ ಶಿಕ್ಷಕರು ಬೇಕು. ಎರಡೂ ಇಲ್ಲದೆ, ಪಕ್ಕದವರ ಕಿವಿಯಲ್ಲಿ ಪಿಸುಗುಟ್ಟಲು ಮಾತ್ರ ಅವಕಾಶವಿದ್ದರೆ?

ಹಾರ್ವರ್ಡ್ ವಿಶ್ವವಿದ್ಯಾಲಯದ ಮೈಕೇಲ್ ರೂಬೆನ್‌ಸ್ಟೀನ್, ರಾಧಿಕಾ ನಾಗಪಾಲ್ ಮತ್ತು ಸಂಗಡಿಗರು 1024 ಪುಟ್ಟ ರೋಬಾಟ್‌ಗಳಿಂದ ಇದನ್ನೇ ಮಾಡಿಸಿ, 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ‘ಕಿಲೋಬಾಟ್’ ಎಂಬ ಈ ರೋಬಾಟಿನ ವ್ಯಾಸ ಸುಮಾರು 3.3 ಸೆಂ.ಮೀ. ಮೂರು ಕಡ್ಡಿಗಳೇ ಕಾಲು. ಎರಡು ಮೋಟರುಗಳ ಕಂಪನದಿಂದ ಅದು ಜರುಗುತ್ತದೆ. ಅಡಿಯಿಂದ ಹೊರಟ ಅವಕೆಂಪು ಬೆಳಕು ಮೇಜಿನ ಮೇಲೆ ಪ್ರತಿಫಲಿಸಿ, ಸುಮಾರು 10 ಸೆಂ.ಮೀ. ಒಳಗಿನ ನೆರೆಯ ರೋಬಾಟ್‌ಗಳಿಗೆ ಸಂದೇಶ ಒಯ್ಯುತ್ತದೆ. ಅದರಾಚೆಗೆ ಅದು ಕುರುಡು, ಕಿವುಡು. ಎಲ್ಲವೂ ಎಲ್ಲದರೊಡನೆ ನೇರವಾಗಿ ಮಾತನಾಡಬೇಕಿದ್ದರೆ 5,23,776 ಜೋಡಿ ಸಂಪರ್ಕಗಳು ಬೇಕಾಗುತ್ತಿದ್ದವು!

ಹಾಗಾದರೆ ತಾನು ಗುಂಪಿನ ಅಂಚಿನಲ್ಲಿರುವೆನೋ ನಡುವೆಯೋ ಎಂಬುದು ಅದಕ್ಕೆ ತಿಳಿಯುವುದು ಹೇಗೆ? ತರಗತಿಯಲ್ಲೇ ಮಾಡಿ ನೋಡಿ. ಮೂಲೆಯಲ್ಲಿರುವ ವಿದ್ಯಾರ್ಥಿ ‘ಸೊನ್ನೆ’ ಎನ್ನಲಿ. ಉಳಿದ ಪ್ರತಿಯೊಬ್ಬರೂ ನೆರೆಯವರು ಹೇಳಿದ ಸಂಖ್ಯೆಗಳಲ್ಲಿ ಅತಿ ಚಿಕ್ಕದಕ್ಕೆ ಒಂದು ಕೂಡಿಸಿ ಹೇಳಲಿ. ಸ್ವಲ್ಪ ಹೊತ್ತಿನಲ್ಲೇ ಮೂಲೆಯಿಂದ ತಾವು ಎಷ್ಟನೆಯ ಹೆಜ್ಜೆಯಲ್ಲಿದ್ದೇವೆ ಎಂಬುದು ಎಲ್ಲರಿಗೂ ತಿಳಿದಿರುತ್ತದೆ. ಇಡೀ ತರಗತಿಯನ್ನು ಯಾರೂ ಎಣಿಸಿರುವುದಿಲ್ಲ. ಕಿಲೋಬಾಟ್‌ಗಳ ಲೆಕ್ಕವೂ ಇದೇ. ಸಂಶೋಧಕರು ಮೊದಲೇ ಇಟ್ಟ ನಾಲ್ಕು ‘ಬೀಜ’ ರೋಬಾಟ್‌ಗಳ ಬಳಿ ಎಣಿಕೆ ಆರಂಭ. ನೆರೆಯವುಗಳಿಗಿಂತ ತನ್ನ ಸಂಖ್ಯೆ ದೊಡ್ಡದಿದ್ದರೆ ತಾನು ಅಂಚಿನಲ್ಲಿದ್ದೇನೆಂದು ಅರಿತು ರೋಬಾಟ್ ಹೊರಡುತ್ತದೆ, ಗುಂಪಿನ ಅಂಚನ್ನೇ ಹಿಡಿದು ಸಾಗುತ್ತದೆ.

ಎಲ್ಲಿ ನಿಲ್ಲಬೇಕು? ಆಕಾರದ ನಕ್ಷೆ ಪ್ರತಿಯೊಂದರ ಸ್ಮೃತಿಯಲ್ಲೂ ಇದೆ. ತನ್ನ ನೆಲೆ ಗೊತ್ತಾದರೆ ಸಾಕು. ನೆಲೆ ಕಂಡುಕೊಂಡಿರುವ ಮೂರು ನೆರೆಯವುಗಳಿಂದ ತನಗಿರುವ ದೂರವನ್ನು ಅದು ಅಳೆಯುತ್ತದೆ. ಬಂದು ತಲುಪಿದ ಬೆಳಕಿನ ತೀವ್ರತೆಯೇ ಅಳತೆಗೋಲು. ಉಳಿದದ್ದು ಜ್ಯಾಮಿತಿ. ಆ ಮೂರೂ ಒಂದೇ ಸರಳರೇಖೆಯಲ್ಲಿರಬಾರದು. ಏಕೆಂಬುದನ್ನು ಕೈವಾರ ಹಿಡಿದು ಮೂರು ವೃತ್ತ ಎಳೆದು ನೀವೇ ಕಂಡುಕೊಳ್ಳಿ.

ಕಾಗದದ ಮೇಲೆ ಇದೆಲ್ಲ ಸಲೀಸು. ಮೇಜಿನ ಮೇಲೆ ಹಾಗಲ್ಲ. ಒಂದರ ಮೋಟರು ಸೊರಗಿದರೂ ಹಿಂದಿನವು ನಮ್ಮ ರಸ್ತೆಗಳ ವಾಹನಗಳಂತೆ ಸಾಲುಗಟ್ಟುತ್ತವೆ. ಒಂದರ ಅಳತೆಯ ತಪ್ಪು ಅದನ್ನು ನಂಬಿದ ಮುಂದಿನದಕ್ಕೂ ದಾಟಿ ಆಕಾರ ಸೊಟ್ಟಗಾಗುತ್ತದೆ. ನನಗೆ ಈ ಪ್ರಯೋಗದ ಹೆಚ್ಚಿನ ಪಾಠ ಇರುವುದು ಇಲ್ಲೇ: ಯಾವುದೋ ಒಂದು ಕೆಡುವುದು ಖಚಿತ ಎಂದುಕೊಂಡೇ ನಿಯಮ ಬರೆಯಬೇಕು. ಅಡಚಣೆಯಾದರೆ ಅಕ್ಕಪಕ್ಕದವು ಅದನ್ನು ಗುರುತಿಸಿ ಸರಿಪಡಿಸಲು ನೆರವಾಗುವ ಏರ್ಪಾಡೂ ಆ ನಿಯಮಗಳಲ್ಲಿತ್ತು.

ಅಂತೂ ನಕ್ಷತ್ರ ಮೂಡಿತು, ಇಂಗ್ಲಿಷಿನ ‘ಕೆ’ ಅಕ್ಷರವೂ ಮೂಡಿತು. ಒಂದು ಆಕಾರಕ್ಕೆ ಹಿಡಿದ ಸಮಯ ಸುಮಾರು 12 ಗಂಟೆ.