ಎರೆನಾಡಿನಲ್ಲಿ ದೋಣಿ ಸಾಕುವುದು

ಅಣ್ಣಿಗೇರಿಯಲ್ಲಿ ಯಾರಾದರೂ ಮೋಜಿಗೆಂದು ದೋಣಿ ಕೊಂಡರೆ ಅದು ವರ್ಷದ ಹೆಚ್ಚಿನ ದಿನಗಳನ್ನು ಶೆಡ್ಡಿನಲ್ಲೇ ಕಳೆಯಬೇಕಾಗುತ್ತದೆ. ಕಡಲೆ, ಹೆಸರು, ಹತ್ತಿ, ಮೆಣಸಿನಕಾಯಿ ಬೆಳೆಯುವ ಈ ಎರೆಭೂಮಿಯಲ್ಲಿ ವರ್ಷವಿಡೀ ತುಂಬಿ ಹರಿಯುವ ಹೊಳೆ ಇಲ್ಲ. ಈ ಸೀಮೆಯ ಬೆಣ್ಣಿಹಳ್ಳ ಮಳೆಗಾಲದಲ್ಲಿ ದಂಡೆ ಮೀರುತ್ತದೆ, ಬೇಸಿಗೆಗೆ ಸೊರಗುತ್ತದೆ. ದೋಣಿ ತೇಲಿಸುವಷ್ಟು ನೀರು ಬೇಕೆಂದರೆ ಪೂರ್ವಕ್ಕೆ ಗದಗಿನ ಭೀಷ್ಮ ಕೆರೆ, ಪಶ್ಚಿಮಕ್ಕೆ ಹುಬ್ಬಳ್ಳಿಯ ಉಣಕಲ್ ಕೆರೆ, ಧಾರವಾಡದ ಸಾಧನಕೇರಿಗಳ ಕಡೆಗೆ ನೋಡಬೇಕು. ಇನ್ನೂ ವಿಶಾಲವಾದ ನೀರು ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಮಲಪ್ರಭೆ ನಿಂತು ಆದ ರೇಣುಕಾಸಾಗರದ್ದು. ಕಡಲೇ ಬೇಕಾದರೆ ಘಟ್ಟ ಇಳಿದು ಕಾರವಾರ. ದೋಣಿ ಯಾವ ನೀರಿಗೆ ಇಳಿಯುತ್ತದೆ ಎಂಬುದರ ಮೇಲೆ ಅದರ ಆರೈಕೆಯ ರೀತಿಯೂ ಬದಲಾಗುತ್ತದೆ. ಕೆರೆಯ ದೋಣಿಯ ಶತ್ರುಗಳು ಬೇರೆ, ಕಡಲ ದೋಣಿಯ ಶತ್ರುಗಳು ಬೇರೆ.

ಇಂದಿನ ವಿಹಾರದ ದೋಣಿಗಳಲ್ಲಿ ಹೆಚ್ಚಿನವು ಫೈಬರಿನವು. ಗಾಜಿನ ನಾರಿನ ಹಾಸುಗಳನ್ನು ಅಚ್ಚಿನಲ್ಲಿ ಹರಡಿ, ರಾಳ ಕುಡಿಸಿ ಗಟ್ಟಿಯಾಗಿಸಿದರೆ ದೋಣಿಯ ಮೈ ಸಿದ್ಧವಾಗುತ್ತದೆ. ಅದರ ಹೊರಗೆ ಜೆಲ್‌ಕೋಟ್ ಎಂಬ ನುಣುಪಾದ ಬಣ್ಣದ ಪದರ ಇರುತ್ತದೆ. ಫೈಬರ್ ತುಕ್ಕು ಹಿಡಿಯುವುದಿಲ್ಲ, ಗೆದ್ದಲು ತಿನ್ನುವುದಿಲ್ಲ. ಹಾಗಾಗಿ ಅದಕ್ಕೆ ಆರೈಕೆಯೇ ಬೇಡವೆಂದು ಕೊಳ್ಳುವವರು ನಂಬಿಬಿಡುತ್ತಾರೆ. ಆದರೆ ಬಯಲುಸೀಮೆಯ ಬಿಸಿಲು ಜೆಲ್‌ಕೋಟನ್ನು ಒಂದೆರಡು ವರ್ಷದಲ್ಲೇ ಮಂಕಾಗಿಸುತ್ತದೆ, ಸವರಿದರೆ ಕೈಗೆ ಸುಣ್ಣದಂಥ ಪುಡಿ ಹತ್ತುತ್ತದೆ. ವರ್ಷಕ್ಕೊಂದೆರಡು ಸಲ ತೊಳೆದು, ಪಾಲಿಶ್ ಮಾಡಿ, ಮೇಣ ಹಚ್ಚಿ, ಉಳಿದ ದಿನ ದಪ್ಪ ತಾಡಪತ್ರಿ ಹೊದಿಸಿ ನೆರಳಿನಲ್ಲಿಟ್ಟರೆ ಮಾತ್ರ ಪದರ ಉಳಿಯುತ್ತದೆ. ತಿಂಗಳುಗಟ್ಟಲೆ ನೀರಿನಲ್ಲೇ ನಿಂತ ದೋಣಿಗೆ ಇನ್ನೊಂದು ಕಾಯಿಲೆ ಇದೆ. ನೀರು ಪದರದ ಮೂಲಕ ನಿಧಾನವಾಗಿ ಒಳಗಿಳಿದು ತಳದಲ್ಲಿ ಬೊಕ್ಕೆಗಳನ್ನು ಎಬ್ಬಿಸುತ್ತದೆ. ಆಗ ಬೊಕ್ಕೆ ಒಡೆದು, ವಾರಗಟ್ಟಲೆ ಒಣಗಿಸಿ, ಎಪಾಕ್ಸಿ ತುಂಬಿ ಉಜ್ಜದೆ ಬೇರೆ ದಾರಿಯಿಲ್ಲ.

ಕಣ್ಣಿಗೆ ಕಾಣದ ಹಾನಿಯೇ ಹೆಚ್ಚು ದುಬಾರಿ. ಎಂಜಿನ್ ತೂಗುವ ಹಿಂಬದಿಯ ಹಲಗೆ ಅನೇಕ ಫೈಬರ್ ದೋಣಿಗಳಲ್ಲಿ ಒಳಗೆ ಪ್ಲೈವುಡ್ಡೇ ಆಗಿರುತ್ತದೆ. ಬೋಲ್ಟಿನ ತೂತುಗಳಿಂದ ಹನಿಹನಿಯಾಗಿ ಇಳಿದ ನೀರು ಆ ಪ್ಲೈವುಡ್ಡನ್ನು ಕೊಳೆಸುತ್ತದೆ. ಹೊರಗೆ ಮಾತ್ರ ಹೊಳಪು ಹಾಗೆಯೇ ಉಳಿದಿರುತ್ತದೆ. ಹಳೆಯ ದೋಣಿ ಕೊಳ್ಳುವವರು ಅಲ್ಲಿ ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ ನೋಡಬೇಕು. ಗಟ್ಟಿ ಇದ್ದ ಕಡೆ ಖಣಿಲೆನ್ನುತ್ತದೆ, ಕೊಳೆತ ಕಡೆ ಮಂಕು ಸದ್ದು ಬರುತ್ತದೆ. ಅಂಥ ದೋಣಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬಿಡುವುದೇ ಲೇಸು.

ಕರಾವಳಿಯಲ್ಲಿ ಉಪ್ಪುನೀರಿನ ಕಾಟ ಸೇರಿಕೊಳ್ಳುತ್ತದೆ. ಒಂದು ಬಗೆಯ ಹುಳು ಮರದ ದೋಣಿಯನ್ನು ಕೊರೆದು ಜರಡಿ ಮಾಡುತ್ತದೆ. ತಳಕ್ಕೆ ಕಚ್ಚಿ ಬೆಳೆಯುವ ಚಿಪ್ಪುಜೀವಿಗಳು, ಪಾಚಿ ದೋಣಿಯ ವೇಗವನ್ನು ತಿಂದು ಇಂಧನದ ಖರ್ಚನ್ನು ಏರಿಸುತ್ತವೆ. ಪಶ್ಚಿಮ ಕರಾವಳಿಯ ಮೀನುಗಾರರು ಮರದ ದೋಣಿಗಳಿಗೆ ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದುದು ಇಂಥ ಹಾನಿಯನ್ನು ತಡೆಯಲೆಂದೇ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರಿಕ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ದೋಣಿಗಳನ್ನು ದಡಕ್ಕೆಳೆದು ತಳ ಕೆರೆದು, ಬಿರುಕು ಮುಚ್ಚಿ, ಬಣ್ಣ ಬಳಿಯುತ್ತಾರೆ. ಮೋಜಿನ ದೋಣಿಯ ಮಾಲೀಕರಿಗೆ ಅಂಥ ಕಡ್ಡಾಯ ಬಿಡುವಿಲ್ಲ, ಆದ್ದರಿಂದ ಕೆಲಸ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಪಾಚಿ, ಚಿಪ್ಪು ಹತ್ತದಂತೆ ತಡೆಯುವ ವಿಶೇಷ ಬಣ್ಣಗಳಿವೆ. ಅವುಗಳಲ್ಲಿ ಬಹಳ ಪರಿಣಾಮಕಾರಿಯಾಗಿದ್ದ ತವರದ ಸಂಯುಕ್ತಗಳು ಜಲಚರಗಳಿಗೆ ವಿಷವೆಂದು ಸಾಬೀತಾಗಿ, 2008ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದದಡಿ ನಿಷೇಧವಾದವು. ಈಗ ಬಳಕೆಯಲ್ಲಿರುವ ಹೆಚ್ಚಿನ ಬಣ್ಣಗಳು ತಾಮ್ರದವು.

ನೀರಿನಲ್ಲಿ ಮುಳುಗಿದ ಲೋಹದ ಭಾಗಗಳನ್ನು ಕಾಯಲು ಎಂಜಿನ್ನಿನ ಕೆಳಭಾಗಕ್ಕೆ ಬೇರೊಂದು ಲೋಹದ ತುಂಡು ಬಿಗಿದಿರುತ್ತಾರೆ. ಅದು ತಾನು ಸವೆದು ಎಂಜಿನ್ನನ್ನು ಉಳಿಸುತ್ತದೆ. ಉಪ್ಪುನೀರಿಗೆ ಸತುವಿನ ತುಂಡು, ಸಿಹಿನೀರಿಗೆ ಮೆಗ್ನೀಸಿಯಮ್ಮಿನದು ಸೂಕ್ತ. ಕಾರವಾರದಲ್ಲಿ ಓಡಿದ ಎಂಜಿನ್ನನ್ನು ತಂದು ಉಣಕಲ್ಲಿನಲ್ಲಿ ಹಾಗೆಯೇ ಬಿಟ್ಟರೆ ಸತುವಿನ ತುಂಡು ಕೆಲಸ ಮಾಡದೆ ಸುಮ್ಮನಿರುತ್ತದೆ. ಅರ್ಧದಷ್ಟು ಸವೆದಾಗಲೇ ತುಂಡನ್ನು ಬದಲಿಸಬೇಕು.

ದೋಣಿಯ ಹಿಂಬದಿಗೆ ತೂಗುಹಾಕುವ ಔಟ್‌ಬೋರ್ಡ್ ಎಂಜಿನ್ನಿಗೆ ಕಾರಿನಂತೆ ರೇಡಿಯೇಟರ್ ಇರುವುದಿಲ್ಲ. ಕೆರೆಯ ನೀರನ್ನೇ ಎಳೆದುಕೊಂಡು ತಂಪಾಗುತ್ತದೆ. ಆ ನೀರನ್ನು ಎಳೆಯುವುದು ಅಂಗೈಯೊಳಗೆ ಹಿಡಿಸುವ ರಬ್ಬರಿನ ಚಕ್ರ. ಬಹುದಿನ ಓಡದೆ ಬಿದ್ದರೆ ಅದರ ಎಲೆಗಳು ಮಡಚಿ ಬಿರುಸಾಗುತ್ತವೆ, ನೀರಿಲ್ಲದೆ ಅರೆನಿಮಿಷ ಓಡಿಸಿದರೂ ಸುಟ್ಟು ಹರಿಯಬಹುದು. ಎರೆಸೀಮೆಯ ಕೆರೆಗಳಲ್ಲಿ ಇದಕ್ಕೆ ಇನ್ನೊಂದು ಹೊಡೆತ ಇದೆ. ಕಪ್ಪುಮಣ್ಣಿನ ಅತಿ ಸಣ್ಣ ಕಣಗಳು ಬೇಗ ತಳ ಸೇರದೆ ನೀರಿನಲ್ಲೇ ತೇಲಾಡುತ್ತವೆ. ಅವು ಚಕ್ರವನ್ನು ಸವೆಸಿ, ತಂಪಿನ ಸಣ್ಣ ನಾಳಗಳಲ್ಲಿ ಕೆಸರಾಗಿ ಕೂರುತ್ತವೆ. ಎಂಜಿನ್ ಓಡುವಾಗ ಹಿಂದಿನಿಂದ ಸಣ್ಣ ನೀರಿನ ಧಾರೆ ಚಿಮ್ಮುತ್ತಿರಬೇಕು. ಧಾರೆ ಸೊರಗಿದೊಡನೆ ಎಂಜಿನ್ ನಿಲ್ಲಿಸುವುದು ಚಾಲಕ ಕಲಿಯಬೇಕಾದ ಮೊದಲ ಪಾಠ. ಎಂಜಿನ್ ಆಯಿಲ್ ಮತ್ತು ಗೇರ್ ಆಯಿಲ್ ಸಾಮಾನ್ಯವಾಗಿ 100 ಗಂಟೆಗೊಮ್ಮೆ ಅಥವಾ ವರ್ಷಕ್ಕೊಮ್ಮೆ ಬದಲಾಗಬೇಕು. ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲು ಹೋಗಿ ಒಳಗೆ ನೀರು ಸೇರಿದೆ ಎಂದರ್ಥ. ಉಪ್ಪುನೀರಿನಿಂದ ಬಂದ ಎಂಜಿನ್ನನ್ನು ಪ್ರತಿ ಸಲವೂ ಸಿಹಿನೀರು ಹಾಯಿಸಿ ತೊಳೆಯಬೇಕು, ಮರುದಿನಕ್ಕೆ ಬಿಡುವಂತಿಲ್ಲ.

ಪೆಟ್ರೋಲೂ ಈಗ ಮೊದಲಿನಂತಿಲ್ಲ. 2025ರ ವೇಳೆಗೆ ದೇಶದ ಬಂಕುಗಳಲ್ಲಿ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ರೂಢಿಗೆ ಬಂತು. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ದಿನವೂ ಓಡುವ ಬೈಕಿಗೆ ಇದರಿಂದ ತೊಂದರೆ ಕಡಿಮೆ, ಏಕೆಂದರೆ ಟ್ಯಾಂಕ್ ವಾರದಲ್ಲಿ ಖಾಲಿಯಾಗುತ್ತದೆ. ದೋಣಿಯ ಟ್ಯಾಂಕಿನಲ್ಲಿ ಅದೇ ಪೆಟ್ರೋಲ್ ಮಳೆಗಾಲವಿಡೀ ಕೂತಿರುತ್ತದೆ. ತೇವ ಮಿತಿ ಮೀರಿದಾಗ ನೀರು ಮತ್ತು ಎಥನಾಲ್ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಎಂಜಿನ್ ಮೊದಲು ಎಳೆದುಕೊಳ್ಳುವುದೇ ಆ ತಳದ ದ್ರವವನ್ನು. ಹಳೆಯ ಎಂಜಿನ್ನುಗಳ ರಬ್ಬರ್ ಕೊಳವೆಗಳೂ ಇದರಿಂದ ಮೆತ್ತಗಾಗಿ ಬಿರಿಯುತ್ತವೆ. ಹಂಗಾಮು ಮುಗಿದೊಡನೆ ಟ್ಯಾಂಕ್, ಕಾರ್ಬುರೇಟರ್ ಎರಡನ್ನೂ ಬರಿದು ಮಾಡಿ, ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸುವುದು ಕಡಿಮೆ ಖರ್ಚಿನ ಪರಿಹಾರ.

ಕೆರೆಗಳ ಇನ್ನೊಂದು ಪೀಡೆ ಅಂತರಗಂಗೆ. ಉಣಕಲ್ ಕೆರೆಯನ್ನು ಅದು ಮತ್ತೆ ಮತ್ತೆ ಆವರಿಸಿಕೊಂಡದ್ದನ್ನು ಹುಬ್ಬಳ್ಳಿಯವರು ಬಲ್ಲರು. ಕೊಳಚೆ ನೀರು ಸೇರಿದ ಕೆರೆಯಲ್ಲಿ ಈ ಕಳೆ ವಾರಗಳಲ್ಲೇ ಇಮ್ಮಡಿಯಾಗುತ್ತದೆ. ಅದರ ಬೇರುಗಳು ಪ್ರೊಪೆಲ್ಲರಿಗೆ ಸುತ್ತಿ ಎಂಜಿನ್ನನ್ನು ನಿಲ್ಲಿಸುತ್ತವೆ, ನೀರೆಳೆಯುವ ಜಾಲರಿಯನ್ನು ಮುಚ್ಚುತ್ತವೆ. ಪ್ರೊಪೆಲ್ಲರಿನ ದಂಡಕ್ಕೆ ಸುತ್ತಿದ ನಾರು, ಮೀನಿನ ಬಲೆಯ ದಾರ ಒಳಗಿನ ಸೀಲನ್ನೂ ಕತ್ತರಿಸುತ್ತವೆ. ಈ ಕಷ್ಟಕ್ಕೆ ದೋಣಿಯ ಮಾಲೀಕನೊಬ್ಬನ ಕೈಯಲ್ಲಿ ಮದ್ದಿಲ್ಲ. ಕೊಳಚೆ ನಿಲ್ಲದೆ ಅಂತರಗಂಗೆ ನಿಲ್ಲುವುದಿಲ್ಲ, ಕೆರೆ ಶುದ್ಧವಾಗದೆ ದೋಣಿವಿಹಾರ ನೆಲೆಯೂರುವುದಿಲ್ಲ.

ನೀರಿನ ಮಟ್ಟದ್ದೂ ಒಂದು ಕಥೆ. ರೇಣುಕಾಸಾಗರದ ಗರಿಷ್ಠ ಮಟ್ಟ 2079.50 ಅಡಿ, ಸಾಮರ್ಥ್ಯ 37.73 ಟಿಎಂಸಿ ಅಡಿ. ಆದರೆ ಆ ನೀರು ಇರುವುದು ಹೊಲಗಳಿಗೆ, ಊರುಗಳ ನಲ್ಲಿಗಳಿಗೆ. ಬೇಸಿಗೆಗೆ ನೀರು ಇಳಿದಂತೆ ದಡ ದೂರ ಸರಿದು ನಡುವೆ ಕೆಸರಿನ ಬಯಲು ತೆರೆದುಕೊಳ್ಳುತ್ತದೆ. ದೋಣಿ ಹೊತ್ತ ಟ್ರೇಲರ್ ಆ ಎರೆಯಲ್ಲಿ ಅಚ್ಚಿನವರೆಗೆ ಹೂತು ಕೂರುತ್ತದೆ. ಟ್ರೇಲರಿಗೂ ಅದರದೇ ಆರೈಕೆ ಬೇಕು. ದೂರದಿಂದ ಓಡಿ ಬಂದು ಬಿಸಿಯಾದ ಬೇರಿಂಗನ್ನು ಒಮ್ಮೆಲೇ ನೀರಿಗಿಳಿಸಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ, ಗ್ರೀಸ್ ಕೆಡುತ್ತದೆ. ಇಳಿಸುವ ಮುನ್ನ ಅರ್ಧ ಗಂಟೆ ತಣಿಯಲು ಬಿಡುವುದು ವಾಡಿಕೆ. ಇನ್ನು ಶೆಡ್ಡಿನಲ್ಲಿ ನಿಂತ ದೋಣಿಯ ವೈರುಗಳನ್ನು ಇಲಿಗಳು ಕಡಿಯುತ್ತವೆ, ಬ್ಯಾಟರಿ ಚಾರ್ಜಿಲ್ಲದೆ ಸಾಯುತ್ತದೆ.

ಟ್ರ್ಯಾಕ್ಟರ್ ಕೆಟ್ಟರೆ ಹೊಲದಲ್ಲಿ ನಿಲ್ಲುತ್ತದೆ, ಮೇಸ್ತ್ರಿ ಬರುವವರೆಗೆ ಕಾಯಬಹುದು. ದೋಣಿಯ ವಿಷಯದಲ್ಲಿ ಆ ಸಾವಕಾಶ ಇಲ್ಲ. ತಳದಲ್ಲಿ ನೀರು ಹೊರಬಿಡಲು ಇರುವ ಬಿರಡೆಯನ್ನು ಹಾಕಲು ಮರೆತು ದೋಣಿ ಇಳಿಸಿದವರು ಎಲ್ಲ ದೇಶಗಳಲ್ಲೂ ಇದ್ದಾರೆ. ತಳದಲ್ಲಿ ಸೇರಿದ ನೀರು ಬರೀ ಭಾರವಷ್ಟೇ ಅಲ್ಲ. ದೋಣಿ ಒಂದು ಕಡೆ ವಾಲಿದಾಗ ಅದೂ ಅದೇ ಕಡೆಗೆ ಹರಿದು ವಾಲುವಿಕೆಯನ್ನು ಹೆಚ್ಚಿಸುತ್ತದೆ. ಜನರೂ ಹಾಗೆಯೇ, ಒಂದೇ ಕಡೆಗೆ ಸರಿದರೆ ದೋಣಿ ಇನ್ನಷ್ಟು ವಾಲುತ್ತದೆ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಪ್ರವಾಸಿ ದೋಣಿ ಮಗುಚಿ 45 ಮಂದಿ ಸತ್ತರು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಮಂದಿ ಹೋದರು. ತಾನೂರಿನದು ಮೀನುಗಾರಿಕೆಯ ದೋಣಿಯನ್ನು ಪ್ರವಾಸಕ್ಕೆಂದು ಮಾರ್ಪಡಿಸಿದ್ದು. ಮೇಲೆ ಅಂತಸ್ತು ಕಟ್ಟಿ ಜನರನ್ನು ಕೂರಿಸಿದರೆ ದೋಣಿಯ ಭಾರದ ಕೇಂದ್ರ ಮೇಲಕ್ಕೇರಿ ಅದು ಸುಲಭವಾಗಿ ಮಗುಚುತ್ತದೆ ಎಂಬ ಸಾಮಾನ್ಯ ಲೆಕ್ಕವನ್ನು ಮರೆತರೆ ತೆರುವ ಬೆಲೆ ಇಷ್ಟು ಘೋರ.

ಆದ್ದರಿಂದ ಲೈಫ್ ಜಾಕೆಟ್ ನಿರ್ವಹಣೆಯ ಪಟ್ಟಿಯಲ್ಲಿ ಎಂಜಿನ್ನಿಗಿಂತ ಮೊದಲು ಬರಬೇಕು. ಒದ್ದೆ ಜಾಕೆಟ್ಟನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಬೂಸು ಹಿಡಿಯುತ್ತದೆ. ಬಿಸಿಲಿನಲ್ಲೇ ನೇತುಹಾಕಿದರೆ ಬಟ್ಟೆ, ಹೊಲಿಗೆ ಜೀರ್ಣವಾಗುತ್ತವೆ. ನೆರಳಲ್ಲಿ ಒಣಗಿಸಿ, ಬಕಲ್ ಎಳೆದು ನೋಡಿ, ವರ್ಷಕ್ಕೊಮ್ಮೆ ಆಳವಿಲ್ಲದ ನೀರಿನಲ್ಲಿ ತೊಟ್ಟು ಅದು ಭಾರ ತಡೆಯುತ್ತದೆಯೇ ಎಂದು ಪರೀಕ್ಷಿಸಬೇಕು. ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು. ದೊಡ್ಡವರದನ್ನು ತೊಡಿಸಿದರೆ ಮಗು ಕೆಳಗೆ ಜಾರಿ ಜಾಕೆಟ್ ಮಾತ್ರ ತೇಲುತ್ತದೆ.

ಕಾಗದಪತ್ರಗಳ ಕೆಲಸವೂ ಸಣ್ಣದಲ್ಲ. 1917ರ ಹಳೆಯ ಕಾನೂನಿನ ಜಾಗಕ್ಕೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆಯಂತೆ ಎಂಜಿನ್ ಇರುವ ದೋಣಿಗೆ ತಪಾಸಣೆ, ನೋಂದಣಿ, ವಿಮೆ, ಅರ್ಹತಾ ಪತ್ರವಿರುವ ಚಾಲಕ ಇವೆಲ್ಲ ಬೇಕು. ಎಂಜಿನ್ ಇಲ್ಲದ ದೋಣಿಗಳನ್ನು ಸ್ಥಳೀಯ ಮಟ್ಟದಲ್ಲಿ ದಾಖಲಿಸುವ ಏರ್ಪಾಡಿದೆ. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯ ಕೇಂದ್ರ ಕಚೇರಿ ಇರುವುದು ಕಾರವಾರದಲ್ಲಿ. ಇದರ ಮೇಲೆ ಆಯಾ ನೀರಿನ ಒಡೆತನದ ಸಂಸ್ಥೆಯ ಒಪ್ಪಿಗೆ ಬೇರೆ: ಕೆರೆಯಾದರೆ ಪಾಲಿಕೆ, ಪಂಚಾಯಿತಿ ಅಥವಾ ಸಣ್ಣ ನೀರಾವರಿ ಇಲಾಖೆ, ಜಲಾಶಯವಾದರೆ ನೀರಾವರಿ ನಿಗಮ. ಕುಡಿಯುವ ನೀರಿನ ಕೆರೆಯಲ್ಲಿ ಎಂಜಿನ್ ಓಡಿಸಲು ಒಪ್ಪಿಗೆ ಕೊಡದಿರುವುದೇ ನ್ಯಾಯ. ದೋಣಿ ಕೊಳ್ಳುವ ಮೊದಲು ಈ ಒಪ್ಪಿಗೆ ಕೈಯಲ್ಲಿರಬೇಕು.

ಖರ್ಚಿನ ವಿಷಯದಲ್ಲಿ ಹೊರದೇಶಗಳ ದೋಣಿ ಮಾಲೀಕರು ಹೇಳುವ ಒಂದು ಅಂದಾಜಿದೆ: ದೋಣಿಯ ಬೆಲೆಯ ಹತ್ತನೇ ಒಂದು ಪಾಲು ವರ್ಷವರ್ಷವೂ ಆರೈಕೆಗೆ ಹೋಗುತ್ತದೆ. ಅದು ಮರೀನಾ, ಗ್ಯಾರೇಜು, ಬಿಡಿಭಾಗ ಎಲ್ಲವೂ ಹತ್ತಿರವಿರುವ ಕಡೆಯ ಮಾತು. ಔಟ್‌ಬೋರ್ಡ್ ಬಲ್ಲ ಮೆಕ್ಯಾನಿಕ್ ಬೇಕೆಂದರೆ ಕರಾವಳಿಯತ್ತ ಹೋಗಬೇಕಾದ ಅಣ್ಣಿಗೇರಿಯವರು ಸಾಗಾಟದ ಖರ್ಚನ್ನೂ ಸೇರಿಸಿಕೊಳ್ಳಬೇಕು.

ಎಂಜಿನ್ ಬಿಟ್ಟರೆ ಮುಕ್ಕಾಲು ಪಾಲು ತಾಪತ್ರಯ ಕಳಚುತ್ತದೆ. ತುಂಗಭದ್ರೆಯ ಹರಿಗೋಲು ಇದಕ್ಕೆ ಹಳೆಯ ಸಾಕ್ಷಿ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸ್, ಒಳಗೆ ಹೆಣಿಗೆ, ಹೊರಗೆ ಚರ್ಮ ಹೊದಿಸಿದ ದುಂಡನೆಯ ದೋಣಿಗಳು ಹದಿನೈದು ಇಪ್ಪತ್ತು ಜನರನ್ನು ದಾಟಿಸುತ್ತಿದ್ದುದನ್ನು ಬರೆದಿದ್ದಾನೆ. ಇಂದಿನ ಹರಿಗೋಲಿಗೆ ಬಿದಿರಿನ ಹೆಣಿಗೆ, ಪ್ಲಾಸ್ಟಿಕ್ ಹೊದಿಕೆ, ಮೇಲೆ ಡಾಂಬರು. ಸೋರಿದರೆ ಅಂಬಿಗನೇ ತೇಪೆ ಹಾಕುತ್ತಾನೆ, ಬಿದಿರು ಸೊರಗಿದರೆ ಹೊಸದನ್ನೇ ಹೆಣೆಯುತ್ತಾನೆ. ಕೆರೆಗಳ ಪೆಡಲ್ ಬೋಟುಗಳಿಗೂ ಪೆಡಲಿನ ಬೇರಿಂಗಿಗೆ ಗ್ರೀಸ್, ಚುಕ್ಕಾಣಿಯ ಕೇಬಲ್, ಮೈಯೊಳಗೆ ಸೇರಿದ ನೀರು ಇಷ್ಟನ್ನು ನೋಡಿಕೊಂಡರೆ ಸಾಕು.

ಗಾಳಿ ತುಂಬುವ ರಬ್ಬರ್ ದೋಣಿ ಮನೆಯ ಅಟ್ಟದಲ್ಲೂ ಹಿಡಿಸುತ್ತದೆ. ಅದನ್ನು ತೊಳೆದು, ಪೂರ್ತಿ ಒಣಗಿಸಿ, ಸಡಿಲವಾಗಿ ಮಡಚಿ, ಇಲಿ ಮುಟ್ಟದ ಕಡೆ ಇಡಬೇಕು. ಅಂಟಿಸಿದ ಜೋಡಣೆಗಳು ಬಿಸಿಲಿಗೆ ಬಿಡುತ್ತವೆ, ವಾಲ್ವುಗಳಲ್ಲಿ ಮಣ್ಣು ಸೇರಿದರೆ ಗಾಳಿ ಸೋರುತ್ತದೆ. ಸಾಬೂನು ನೀರು ಸವರಿ ಗುಳ್ಳೆ ಬರುವುದನ್ನು ನೋಡಿದರೆ ಸೋರಿಕೆ ಗೊತ್ತಾಗುತ್ತದೆ. ಈ ಆರೈಕೆ ಅಣ್ಣಿಗೇರಿ, ನವಲಗುಂದ ತಾಲ್ಲೂಕುಗಳಿಗೆ ಮೋಜಿನ ಮಾತಷ್ಟೇ ಅಲ್ಲ. 2019ರ ಆಗಸ್ಟಿನಲ್ಲಿ ಬೆಣ್ಣಿಹಳ್ಳ, ತುಪರಿಹಳ್ಳಗಳು ಉಕ್ಕಿದಾಗ ಈ ಭಾಗದ ಹಳ್ಳಿಗಳು ನೀರಿಗೆ ಸಿಲುಕಿದವು. ಅಂಥ ಹೊತ್ತಿನಲ್ಲಿ ಜನರನ್ನು ಹೊರತರುವುದು ಇದೇ ಬಗೆಯ ದೋಣಿಗಳು. ಅಗ್ನಿಶಾಮಕ ಠಾಣೆಯಾಗಲಿ, ತಾಲ್ಲೂಕು ಆಡಳಿತವಾಗಲಿ, ಸ್ವಂತ ದೋಣಿಯಿರುವವರಾಗಲಿ ಮುಂಗಾರಿಗೆ ಮೊದಲು, ಮೇ ತಿಂಗಳಲ್ಲೇ ದೋಣಿಯನ್ನು ಹೊರತೆಗೆದು, ಗಾಳಿ ತುಂಬಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಒತ್ತಡ ಉಳಿದಿದೆಯೇ ಎಂದು ನೋಡಬೇಕು.