ಆಟಕ್ಕೊಂದು ಅಳತೆ

ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಅರಕಲಗೂಡು ಕಡೆಯ ರೈತರೊಬ್ಬರು ಮಗನೊಡನೆ ನಮ್ಮನ್ನು ಕಾಣಲು ಬಂದರು. ಹುಡುಗ ಬೆಂಗಳೂರಿನ ವಿಶ್ವವಿದ್ಯಾಲಯವೊಂದರಲ್ಲಿ ಎಂಜಿನಿಯರಿಂಗ್ ಎರಡನೆಯ ವರ್ಷದ ವಿದ್ಯಾರ್ಥಿ. ಅಲ್ಲಿನ ಇ-ಸ್ಪೋರ್ಟ್ಸ್ ತಂಡಕ್ಕೆ, ಅಂದರೆ ಮೊಬೈಲ್ ಹಾಗೂ ಕಂಪ್ಯೂಟರ್ ಆಟಗಳ ಸ್ಪರ್ಧೆಗಳಲ್ಲಿ ಭಾಗವಹಿಸುವ ತಂಡಕ್ಕೆ, ಅವನು ಆಯ್ಕೆಯಾಗಿದ್ದ. "ಸ್ವಾಮಿ, ಆಲೂಗಡ್ಡೆ ಬೆಳೆಗೆ ಮಾಡಿದ ಸಾಲ ಇನ್ನೂ ತೀರಿಲ್ಲ. ಓದಲಿ ಅಂತ ಕಳಿಸಿದರೆ ಇವನು ಆಡೋಕೆ ಹೊರಟಿದ್ದಾನೆ. ನೀವೇ ಬುದ್ಧಿ ಹೇಳಿ" ಎಂದರು ತಂದೆ. ಮಗ ತಲೆತಗ್ಗಿಸಿ ನಿಂತಿದ್ದ.

ಇದು ಒಂದು ಮನೆಯ ಸಂಗತಿಯಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ನಮ್ಮ ಅನೇಕ ಕುಟುಂಬಗಳ ಮಕ್ಕಳು ದೂರದ ಕಾಲೇಜುಗಳಲ್ಲಿದ್ದಾರೆ. ಎಲ್ಲರ ಕೈಯಲ್ಲೂ ಮೊಬೈಲ್ ಇದೆ. "ಬೇಡ" ಎಂಬ ಮಾತು ನಮ್ಮ ನಾಲಿಗೆಯ ತುದಿಗೂ ಬಂದಿತ್ತು. ಆದರೆ ಇದೇ ಹುಡುಗ ಚರ್ಚಿನ ಅಂಗಳದ ವಾಲಿಬಾಲ್ ಪಂದ್ಯದಲ್ಲಿ ಆಡಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು. ಆಗ ಸರಿಯಾದದ್ದು ಈಗ ತಪ್ಪಾಗುವುದಾದರೆ ಅದಕ್ಕೆ ಕಾರಣ ಹೇಳಬೇಕಲ್ಲವೇ?

ಜಗತ್ತು ಈ ಆಟಗಳನ್ನು ಕಾಣುವ ರೀತಿ ಬದಲಾಗಿದೆ. ಅಮೆರಿಕದ ಷಿಕಾಗೋದಲ್ಲಿದ್ದ ರಾಬರ್ಟ್ ಮಾರಿಸ್ ವಿಶ್ವವಿದ್ಯಾಲಯವು 2014ರಲ್ಲಿಯೇ ಇಂತಹ ಆಟಗಾರರಿಗೆ ಶಿಷ್ಯವೇತನ ನೀಡಿತು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರದರ್ಶನ ಸ್ಪರ್ಧೆಯಾಗಿದ್ದ ಇ-ಸ್ಪೋರ್ಟ್ಸ್‌ನಲ್ಲಿ ಗುಜರಾತಿನ ತೀರ್ಥ್ ಮೆಹ್ತಾ ಕಂಚು ಗೆದ್ದರು. 2023ರ ಹಾಂಗ್‌ಝೌ ಕೂಟದಲ್ಲಿ ಅದು ಅಧಿಕೃತ ಪದಕದ ಸ್ಪರ್ಧೆಯಾಯಿತು. 2022ರ ಡಿಸೆಂಬರ್‌ನಲ್ಲಿ ಭಾರತ ಸರ್ಕಾರವು ಇದನ್ನು ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತಂದಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆಯು ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ನೀಡಿತು. ಪ್ರವೇಶ ಶುಲ್ಕ, ಬಹುಮಾನಗಳಿರಬಹುದು, ಬಾಜಿ ಕೂಡದು. ಈ ವ್ಯತ್ಯಾಸವನ್ನು ಹೆತ್ತವರು ತಿಳಿದಿರಬೇಕು.

ಹುಡುಗನನ್ನು ಕೂರಿಸಿ ಕೇಳಿದೆವು. ಅವನದು ನಾಲ್ವರ ತಂಡ. ಒಬ್ಬ ನಾಯಕ, ಎಲ್ಲಿಗೆ ಸಾಗಬೇಕು, ಯಾವಾಗ ಹಿಮ್ಮೆಟ್ಟಬೇಕು ಎಂದು ಅವನೇ ಹೇಳುತ್ತಾನೆ. ಒಬ್ಬ ಮುನ್ನುಗ್ಗಿದರೆ ಇನ್ನೊಬ್ಬ ಹಿಂದೆ ನಿಂತು ಕಾಯುತ್ತಾನೆ. ರಾತ್ರಿ ಬೇರೆ ಕಾಲೇಜುಗಳ ತಂಡಗಳೊಡನೆ ಅಭ್ಯಾಸ ಪಂದ್ಯ. ಬಳಿಕ ಆಟದ ಮುದ್ರಿಕೆ ನೋಡಿ ಪ್ರತಿಯೊಬ್ಬನ ತಪ್ಪನ್ನೂ ಗುರುತಿಸುತ್ತಾರೆ. "ನನ್ನ ತಪ್ಪನ್ನು ಎಲ್ಲರೆದುರು ಒಪ್ಪಿಕೊಳ್ಳೋದು ಮೊದಲು ಕಷ್ಟವಾಗ್ತಿತ್ತು ಫಾದರ್" ಎಂದ. ತಂದೆ ಮೊದಲ ಬಾರಿಗೆ ಮಗನ ಕಡೆ ತಿರುಗಿ ನೋಡಿದರು.

ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ದೇಹಕ್ಕೆ ವಿಶ್ರಾಂತಿ ಬೇಕಾದಂತೆ ಮನಸ್ಸಿಗೂ ಬೇಕು, ಆಟ ಅದನ್ನು ಕೊಡುತ್ತದೆ ಎಂದು ಬೋಧಿಸಿದರು. ಸದಾ ಎಳೆದೇ ಇಟ್ಟ ಬಿಲ್ಲು ಮುರಿಯುತ್ತದೆಂಬ ಹಳೆಯ ದೃಷ್ಟಾಂತವನ್ನೂ ಸ್ಮರಿಸಿದರು. ಅತಿಯಾದ ಆಟವಷ್ಟೇ ಅಲ್ಲ, ವಿನೋದವನ್ನೇ ಸಹಿಸದ ಬಿಗುವೂ ದೋಷವೆಂದರು. ಆದರೆ ಮೂರು ಎಚ್ಚರಿಕೆಗಳನ್ನಿತ್ತರು: ಆಟ ಅಸಭ್ಯವೂ ಹಾನಿಕರವೂ ಆಗಿರಬಾರದು, ಅದರಲ್ಲಿ ಮನಸ್ಸಿನ ಸಮತೋಲ ಕಳೆದುಹೋಗಬಾರದು, ಅದು ಆಡುವವನಿಗೂ ಕಾಲಕ್ಕೂ ತಕ್ಕುದಾಗಿರಬೇಕು.

ಆ ಮೂರನ್ನೇ ಹುಡುಗನ ಮುಂದಿಟ್ಟೆವು. ಗುಂಡು ಹಾರಿಸುವ ಆಟವಲ್ಲವೇ, ನಿನಗೆ ಸಂತೋಷ ಕೊಡುವುದು ಕೊಲ್ಲುವುದೋ, ಕೂಡಿ ಗೆಲ್ಲುವುದೋ? ಎದುರಾಳಿಯನ್ನು ಬೈಯುತ್ತೀಯಾ? ಸೋತ ರಾತ್ರಿ ನಿದ್ರೆ ಬರುತ್ತದೆಯೇ? ಬೇಕೆಂದಾಗ ನಿಲ್ಲಿಸಬಲ್ಲೆಯಾ? ಇದು ಬರಿಯ ನೀತಿಬೋಧೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಹತೋಟಿ ತಪ್ಪಿದ ಆಟದ ಗೀಳನ್ನು ರೋಗಗಳ ಪಟ್ಟಿಗೆ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕಾಗಿಯೇ ಚಿಕಿತ್ಸಾಲಯ ನಡೆಸುತ್ತಿದೆ.

ಮೂರನೆಯ ಪ್ರಶ್ನೆಗೆ ಹುಡುಗನ ಕಣ್ಣು ತುಂಬಿತು. ಹಿಂದಿನ ಸೆಮಿಸ್ಟರಿನಲ್ಲಿ ಎರಡು ವಿಷಯಗಳಲ್ಲಿ ಅನುತ್ತೀರ್ಣನಾಗಿದ್ದ, ಮನೆಗೆ ತಿಳಿಸಿರಲಿಲ್ಲ. ಭಾನುವಾರದ ಪೂಜೆಯೂ ಹಲವು ಬಾರಿ ತಪ್ಪಿತ್ತು. ತಂದೆ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಫೇಲಾಗಿದ್ದಕ್ಕಿಂತ ಮುಚ್ಚಿಟ್ಟದ್ದು ನೋವಾಯಿತು ಮಗನೇ" ಎಂದರು.

ತೀರ್ಮಾನವನ್ನು ನಾವು ಕೊಡಲಿಲ್ಲ. ತಂದೆ ಮಗ ಇಬ್ಬರೂ ಸೇರಿ ಮಾಡಿಕೊಂಡರು. ಆ ಎರಡು ವಿಷಯ ಮುಗಿಯುವವರೆಗೆ ಅವನು ಮೀಸಲು ಆಟಗಾರ ಮಾತ್ರ. ಅಭ್ಯಾಸ ರಾತ್ರಿ ಹತ್ತಕ್ಕೆ ನಿಲ್ಲಬೇಕು. ಭಾನುವಾರ ಬೆಳಿಗ್ಗೆ ದೇವರದು. ಒಪ್ಪದಿದ್ದರೆ ತಂಡವನ್ನೇ ಬಿಡುವುದಾಗಿ ನಾಯಕನಿಗೆ ತಾನೇ ಹೇಳುತ್ತೇನೆಂದ. ಅಷ್ಟು ಹೇಳಲು ಧೈರ್ಯ ಬೇಕು.

2025ರ ಸೆಪ್ಟೆಂಬರ್ 7ರಂದು ಸಂತರೆಂದು ಘೋಷಿತರಾದ ಕಾರ್ಲೊ ಅಕುಟಿಸ್ 15ನೆಯ ವಯಸ್ಸಿನಲ್ಲಿ ತೀರಿಕೊಂಡ ಬಾಲಕ. ಅವರಿಗೂ ವಿಡಿಯೋ ಆಟ ಇಷ್ಟವಿತ್ತು. ವಾರಕ್ಕೆ ಒಂದು ಗಂಟೆಯೆಂದು ಅವರೇ ಮಿತಿ ಹಾಕಿಕೊಂಡಿದ್ದರು. ತಂಡ ಸೇರಿದವನಿಗೆ ಒಂದು ಗಂಟೆ ಸಾಲದು, ನಿಜ. ಆದರೆ ಅಳತೆ ಆಟದ ಕೈಯಲ್ಲಿರಲಿಲ್ಲ, ಆಡುವವರ ಕೈಯಲ್ಲಿತ್ತು. ನಾವು ಕಲಿಯಬೇಕಾದದ್ದು ಇಷ್ಟೇ.

ಪ್ರಿಯ ತಂದೆ ತಾಯಂದಿರೇ, ಮಗನೋ ಮಗಳೋ ಇಂತಹ ತಂಡಕ್ಕೆ ಸೇರುತ್ತೇನೆಂದರೆ ಗದರುವ ಮೊದಲು ಒಮ್ಮೆ ಪಕ್ಕದಲ್ಲಿ ಕುಳಿತು ಆಟವನ್ನು ನೋಡಿರಿ. ಆಟ ಅರ್ಥವಾಗದಿದ್ದರೂ ಮಗು ಅರ್ಥವಾದೀತು. ಬಳಿಕ ಕೇಳಬೇಕಾದದ್ದನ್ನು ಕೇಳಿರಿ. ಉತ್ತರ ಮುಚ್ಚಿಡದೆ ಹೇಳುವ ಧೈರ್ಯ ಅವರಿಗೆ ನಿಮ್ಮಿಂದಲೇ ಬರಲಿ.