ಹಗಲಿನ ಅವಧಿ ಮತ್ತು ಸಸ್ಯಗಳ ಹೂಬಿಡುವಿಕೆ

ಹಗಲು ಮತ್ತು ಇರುಳಿನ ಅವಧಿಯಲ್ಲಾಗುವ ಬದಲಾವಣೆಯನ್ನು ಗುರುತಿಸಿ, ಅದಕ್ಕೆ ತಕ್ಕಂತೆ ಸಸ್ಯಗಳು ಹೂಬಿಡುವ ಗುಣವನ್ನು ಸಸ್ಯವಿಜ್ಞಾನದಲ್ಲಿ ಫೋಟೊಪೀರಿಯಡಿಸಂ ಎಂದು ಕರೆಯುತ್ತಾರೆ. ಒಂದೇ ತಳಿಯ ಗಿಡಗಳು ಒಂದೇ ಋತುವಿನಲ್ಲಿ ಒಟ್ಟಾಗಿ ಹೂಬಿಡುವುದಕ್ಕೆ ಈ ಗುಣವು ಮುಖ್ಯ ಕಾರಣ. ಮಳೆ, ಚಳಿ, ಬಿಸಿಲು ವರ್ಷದಿಂದ ವರ್ಷಕ್ಕೆ ಏರುಪೇರಾಗುತ್ತವೆ. ಆದರೆ ಒಂದು ಊರಿನಲ್ಲಿ ಒಂದು ದಿನಾಂಕದ ಹಗಲಿನ ಉದ್ದ ಬದಲಾಗುವುದಿಲ್ಲ. ಆದ್ದರಿಂದ ಸಸ್ಯಗಳಿಗೆ ಇದು ನಂಬಿಕೆಗೆ ಅರ್ಹವಾದ ಪಂಚಾಂಗವಾಗಿದೆ. ಪಾಲಿಹೌಸ್ ಅಥವಾ ಮನೆಯೊಳಗೆ ದೀಪದ ಬೆಳಕಿನಲ್ಲಿ ಬೆಳೆಯುವ ಗಿಡಗಳಲ್ಲಿ ಹೂವಿಗೆ ಸಂಬಂಧಿಸಿದ ಹೆಚ್ಚಿನ ತೊಂದರೆಗಳು ಈ ಪಂಚಾಂಗ ಕೆಡುವುದರಿಂದಲೇ ಉಂಟಾಗುತ್ತವೆ. ಈ ಲೇಖನದಲ್ಲಿ ಸೇವಂತಿಗೆಯನ್ನು ಮುಖ್ಯ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಸಸ್ಯಗಳ ವರ್ಗೀಕರಣ

ಹಗಲಿನ ಅವಧಿಗೆ ಸ್ಪಂದಿಸುವ ರೀತಿಯನ್ನು ಆಧರಿಸಿ ಸಸ್ಯಗಳನ್ನು ಮೂರು ಗುಂಪುಗಳಾಗಿ ವಿಂಗಡಿಸುತ್ತಾರೆ.

1. ಹ್ರಸ್ವ ಹಗಲಿನ ಸಸ್ಯಗಳು: ಹಗಲು ಒಂದು ನಿರ್ದಿಷ್ಟ ಮಿತಿಗಿಂತ ಕಡಿಮೆಯಾದಾಗ ಹೂಬಿಡುತ್ತವೆ. ಸೇವಂತಿಗೆ, ಪಾಯಿನ್ಸೆಟಿಯಾ, ಸೋಯಾ ಅವರೆ, ಭತ್ತದ ಹಲವು ಸಾಂಪ್ರದಾಯಿಕ ತಳಿಗಳು ಮತ್ತು ಗಾಂಜಾ ಈ ಗುಂಪಿಗೆ ಸೇರುತ್ತವೆ.

2. ದೀರ್ಘ ಹಗಲಿನ ಸಸ್ಯಗಳು: ಹಗಲು ಮಿತಿಗಿಂತ ಹೆಚ್ಚಾದಾಗ ಹೂಬಿಡುತ್ತವೆ. ಗೋಧಿ, ಮೂಲಂಗಿ, ಪಾಲಕ್ ಇದಕ್ಕೆ ಉದಾಹರಣೆಗಳು.

3. ಹಗಲು-ತಟಸ್ಥ ಸಸ್ಯಗಳು: ಹಗಲಿನ ಉದ್ದವನ್ನು ಲೆಕ್ಕಿಸದೆ, ವಯಸ್ಸಿಗೆ ಬಂದಾಗ ಹೂಬಿಡುತ್ತವೆ. ಟೊಮೇಟೊ ಈ ಗುಂಪಿಗೆ ಸೇರಿದೆ.

ಕರ್ನಾಟಕದ ಓದುಗರಿಗೆ ಪರಿಚಿತವಾದ ಉದಾಹರಣೆಯೆಂದರೆ ಅವರೆ. ನಾಟಿ ಅವರೆಯು ಹ್ರಸ್ವ ಹಗಲಿನ ಬೆಳೆ. ಆದ್ದರಿಂದಲೇ ಸೊಗಡಿನ ಅವರೆಕಾಯಿ ಚಳಿಗಾಲದಲ್ಲಿ ಮಾತ್ರ ಸಂತೆಗೆ ಬರುತ್ತಿತ್ತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವು ಹೊರತಂದ ಹೆಬ್ಬಾಳ ಅವರೆ ತಳಿಗಳು ಹಗಲಿನ ಅವಧಿಗೆ ಕಟ್ಟುಬೀಳದವಾದ್ದರಿಂದ ಇತರ ಋತುಗಳಲ್ಲಿಯೂ ಕಾಯಿ ಬಿಡುತ್ತವೆ. 1966ರಲ್ಲಿ ಬಿಡುಗಡೆಯಾದ ಐಆರ್-8 ಭತ್ತದ ತಳಿಯ ವ್ಯಾಪಕ ಪ್ರಸಾರಕ್ಕೂ ಇಂತಹ ಗುಣವೇ ಒಂದು ಕಾರಣವಾಯಿತು.

ಸಂಶೋಧನೆಯ ಇತಿಹಾಸ

ಫ್ರಾನ್ಸಿನ ಜೂಲಿಯನ್ ಟೂರ್ನ್ವಾ 1912ರ ಸುಮಾರಿಗೆ ಹಾಪ್ಸ್ ಮತ್ತು ಗಾಂಜಾ ಸಸ್ಯಗಳ ಮೇಲೆ ಪ್ರಯೋಗ ನಡೆಸಿ, ಹಗಲನ್ನು ಮೊಟಕುಗೊಳಿಸಿದರೆ ಇವು ಎಳೆಯ ವಯಸ್ಸಿನಲ್ಲಿಯೇ ಹೂಬಿಡುತ್ತವೆ ಎಂಬುದನ್ನು ಕಂಡುಕೊಂಡನು. ಮೊದಲನೆಯ ಮಹಾಯುದ್ಧದಲ್ಲಿ ಆತನು ಮಡಿದದ್ದರಿಂದ ಈ ಕಾರ್ಯ ಅಲ್ಲಿಗೇ ನಿಂತಿತು.

ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ವಿಜ್ಞಾನಿಗಳು 1920ರಲ್ಲಿ ಈ ವಿಷಯಕ್ಕೆ ಖಚಿತವಾದ ನೆಲೆಯನ್ನು ಒದಗಿಸಿದರು. ಮೇರಿಲ್ಯಾಂಡ್ ಮ್ಯಾಮತ್ ಎಂಬ ತಂಬಾಕು ತಳಿಯು ಬೇಸಿಗೆಯಲ್ಲಿ ಆಳೆತ್ತರಕ್ಕೂ ಮೀರಿ ಬೆಳೆದರೂ ಹೂಬಿಡುತ್ತಿರಲಿಲ್ಲ. ಚಳಿಗಾಲದಲ್ಲಿ ಹಸಿರುಮನೆಯೊಳಗೆ ಇಟ್ಟಾಗ ಚಿಕ್ಕ ಗಿಡವಾಗಿರುವಾಗಲೇ ಹೂಬಿಡುತ್ತಿತ್ತು. ಬಿಲಾಕ್ಸಿ ಎಂಬ ಸೋಯಾ ತಳಿಯನ್ನು ಬೇರೆ ಬೇರೆ ದಿನಗಳಲ್ಲಿ ಬಿತ್ತಿದರೂ ಗಿಡಗಳೆಲ್ಲ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಹೂಬಿಡುತ್ತಿದ್ದವು. ಉಷ್ಣತೆ, ತೇವಾಂಶ, ಗೊಬ್ಬರ ಮುಂತಾದ ಕಾರಣಗಳನ್ನು ಒಂದೊಂದಾಗಿ ಪರೀಕ್ಷಿಸಿ ಬದಿಗಿಟ್ಟ ಮೇಲೆ ಉಳಿದದ್ದು ಹಗಲಿನ ಉದ್ದ. ಸಂಜೆಗೆ ಮುಂಚೆಯೇ ಗಿಡಗಳನ್ನು ಕತ್ತಲ ಕೊಠಡಿಗೆ ಸಾಗಿಸಿ ಅವರು ಇದನ್ನು ಸಿದ್ಧಪಡಿಸಿದರು.

1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಕ್ಸಾಂಥಿಯಂ ಎಂಬ ಕಳೆಗಿಡದ ಮೇಲೆ ನಡೆಸಿದ ಪ್ರಯೋಗವು ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಿತು. ಹಗಲಿನ ನಡುವೆ ಕತ್ತಲು ಮಾಡಿದರೆ ಗಿಡದ ಮೇಲೆ ಪರಿಣಾಮವಾಗಲಿಲ್ಲ. ಇರುಳಿನ ನಡುವೆ ಅಲ್ಪಕಾಲ ಬೆಳಕು ಬೀರಿದಾಗ ಹೂಬಿಡುವುದು ನಿಂತುಹೋಯಿತು. ಅಂದರೆ ಹ್ರಸ್ವ ಹಗಲಿನ ಸಸ್ಯಗಳು ಅಳೆಯುವುದು ಹಗಲನ್ನಲ್ಲ, ಎಡೆಬಿಡದ ಇರುಳನ್ನು. ಹೆಸರು ಮಾತ್ರ ಹಳೆಯದೇ ಉಳಿದುಕೊಂಡಿದೆ.

ಒಳಗಿನ ಕಾರ್ಯವಿಧಾನ

ಬೆಳಕನ್ನು ಗ್ರಹಿಸುವ ಅಂಗ ಎಲೆ. ಹೂ ಮೂಡುವ ಸ್ಥಳ ಕುಡಿ. 1930ರ ದಶಕದಲ್ಲಿ ಸೋವಿಯತ್ ವಿಜ್ಞಾನಿ ಚೈಲಖ್ಯಾನ್ ಸೇವಂತಿಗೆ ಗಿಡದ ಮೇಲ್ಭಾಗದ ಎಲೆಗಳನ್ನು ತೆಗೆದು, ಕೆಳಗಿನ ಎಲೆಗಳಿಗೆ ಮಾತ್ರ ಹ್ರಸ್ವ ಹಗಲನ್ನು ಒದಗಿಸಿದಾಗಲೂ ಕುಡಿಯಲ್ಲಿ ಹೂ ಮೂಡಿತು. ಎಲೆಯಲ್ಲಿ ಹುಟ್ಟಿ ಕುಡಿಗೆ ಸಾಗುವ ಸಂದೇಶವೊಂದಿದೆ ಎಂದು ಊಹಿಸಿ ಅದಕ್ಕೆ ಅವನು ಫ್ಲೋರಿಜೆನ್ ಎಂದು ಹೆಸರಿಟ್ಟನು. ಎಫ್‌ಟಿ ಎಂಬ ಪ್ರೋಟೀನು ಈ ಸಂದೇಶವಾಹಕವೆಂಬುದಕ್ಕೆ 2007ರಲ್ಲಿ ಬಲವಾದ ಪುರಾವೆಗಳು ದೊರೆತವು. 2013ರಲ್ಲಿ ಜಪಾನಿನ ಸಂಶೋಧಕರು ಸೇವಂತಿಗೆಯ ಕಾಡುಬಂಧುವೊಂದರಲ್ಲಿ ಹೂಬಿಡುವುದನ್ನು ತಡೆಯುವ ಪ್ರೋಟೀನನ್ನು ಗುರುತಿಸಿದರು. ಇರುಳಿಗೆ ಭಂಗ ಬಂದಾಗ ಎಲೆಗಳಲ್ಲಿ ಈ ತಡೆಗಾರ ಪ್ರೋಟೀನು ಉತ್ಪತ್ತಿಯಾಗುತ್ತದೆ.

ಬೆಳಕನ್ನು ಗುರುತಿಸುವ ಮುಖ್ಯ ವರ್ಣದ್ರವ್ಯ ಫೈಟೋಕ್ರೋಮ್. ಇದು ಸುಮಾರು 660 ನ್ಯಾನೊಮೀಟರ್ ಅಲೆಯುದ್ದದ ಕೆಂಪು ಬೆಳಕಿನಲ್ಲಿ ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಬದಲಾಗುತ್ತದೆ; ಸುಮಾರು 730 ನ್ಯಾನೊಮೀಟರ್‌ನ ದೂರಗೆಂಪು ಬೆಳಕಿನಲ್ಲಿ ಮೊದಲಿನ ರೂಪಕ್ಕೆ ಮರಳುತ್ತದೆ. ಇರುಳಿಗೆ ಭಂಗ ತರುವಲ್ಲಿ ಕೆಂಪು ಬೆಳಕು ಹೆಚ್ಚು ಪರಿಣಾಮಕಾರಿಯಾಗಿರುವುದಕ್ಕೆ ಇದೇ ಕಾರಣ. ಫೈಟೋಕ್ರೋಮ್ ನೀಡುವ ಸೂಚನೆಯನ್ನು ಸಸ್ಯದ ಆಂತರಿಕ ಗಡಿಯಾರವು ಹೊತ್ತಿನೊಂದಿಗೆ ಹೋಲಿಸಿ ನೋಡುತ್ತದೆ. ನಡುರಾತ್ರಿಯ ಬೆಳಕು ಮುಸ್ಸಂಜೆಯ ಬೆಳಕಿಗಿಂತ ಹೆಚ್ಚು ಪರಿಣಾಮ ಬೀರುವುದು ಈ ಗಡಿಯಾರದಿಂದಾಗಿಯೇ.

ಸೇವಂತಿಗೆ ಬೇಸಾಯದಲ್ಲಿ ಅನ್ವಯ

ಹೂಗುಚ್ಛಕ್ಕಾಗಿ ಬೆಳೆಯುವ ಸೇವಂತಿಗೆ ತಳಿಗಳಲ್ಲಿ ಹಗಲು ಸುಮಾರು 14.5 ಗಂಟೆಗಿಂತ ಕಡಿಮೆಯಾದಾಗ ಮೊಗ್ಗು ಮೂಡತೊಡಗುತ್ತದೆ. ಆ ಮೊಗ್ಗು ಬಲಿತು ಅರಳಲು ಹಗಲು ಸುಮಾರು 13.5 ಗಂಟೆಗಿಂತ ಕಡಿಮೆಯಿರಬೇಕು. ತಳಿಯಿಂದ ತಳಿಗೆ ಈ ಮಿತಿಯಲ್ಲಿ ವ್ಯತ್ಯಾಸವಿದೆ.

ಬೆಂಗಳೂರಿನಲ್ಲಿ ಜೂನ್ ತಿಂಗಳ ಅತಿ ದೀರ್ಘ ಹಗಲು ಸುಮಾರು 12 ಗಂಟೆ 50 ನಿಮಿಷ. ಡಿಸೆಂಬರಿನ ಅತಿ ಹ್ರಸ್ವ ಹಗಲು ಸುಮಾರು 11 ಗಂಟೆ 20 ನಿಮಿಷ. ಮುಂಜಾವು ಮತ್ತು ಮುಸ್ಸಂಜೆಯ ಮಬ್ಬು ಬೆಳಕು ಸೇರಿದರೂ ಜೂನ್ ತಿಂಗಳಿನಲ್ಲಿ ಅದು 13.5 ಗಂಟೆಯ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಆದ್ದರಿಂದ ಇಲ್ಲಿ ಇಂತಹ ತಳಿಗಳನ್ನು ಹಾಗೆಯೇ ನೆಟ್ಟರೆ, ಕಾಂಡ ಬೆಳೆಯುವ ಮೊದಲೇ ಮೊಗ್ಗು ಮೂಡಿ ಗಿಡ ಗಿಡ್ಡಾಗಿ ಉಳಿಯುತ್ತದೆ. ಯೂರೋಪಿನ ಬೇಸಿಗೆಯಲ್ಲಿ ಬೆಳೆಗಾರನ ಕಷ್ಟ ಹಗಲನ್ನು ಕುಗ್ಗಿಸುವುದು. ಇಲ್ಲಿನ ಬೆಳೆಗಾರನ ಕಷ್ಟ ಇರುಳನ್ನು ಒಡೆಯುವುದು. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೊತ್ತು ಸೇವಂತಿಗೆ ಹೊಲಗಳಲ್ಲಿ ಸಾಲುಸಾಲಾಗಿ ಬಲ್ಬುಗಳು ಉರಿಯುವುದರ ಹಿನ್ನೆಲೆ ಇದೇ.

ಸಾಮಾನ್ಯವಾಗಿ ಅನುಸರಿಸುವ ಕ್ರಮ ಹೀಗಿದೆ.

1. ಬೆಳವಣಿಗೆಯ ಹಂತ: ಸಸಿ ನೆಟ್ಟ ಮೇಲೆ ಸುಮಾರು 4 ವಾರ, ರಾತ್ರಿ 10ರಿಂದ 2 ಗಂಟೆಯವರೆಗೆ ದೀಪ ಉರಿಸಲಾಗುತ್ತದೆ. ಎಲೆಯ ಮಟ್ಟದಲ್ಲಿ ಸುಮಾರು 100 ಲಕ್ಸ್ ಬೆಳಕಿದ್ದರೆ ಸಾಕು. ಇದು ಆಹಾರ ತಯಾರಿಕೆಗೆ ಸಾಲುವ ಬೆಳಕಲ್ಲ, ಸಂದೇಶ ನೀಡುವ ಬೆಳಕು ಮಾತ್ರ.

2. ಹೂವಿನ ಹಂತ: ದೀಪಗಳನ್ನು ನಿಲ್ಲಿಸಿ, ಪ್ರತಿದಿನ 13 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಎಡೆಬಿಡದ ಕತ್ತಲನ್ನು ಒದಗಿಸಲಾಗುತ್ತದೆ. ಪಾಲಿಹೌಸಿನಲ್ಲಿ ಇದಕ್ಕಾಗಿ ಕಪ್ಪು ಪರದೆ ಬಳಸುತ್ತಾರೆ. ಮೊಗ್ಗುಗಳು ಬಣ್ಣ ತೋರುವವರೆಗೆ ಈ ಕ್ರಮ ತಪ್ಪಬಾರದು.

ತಳಿಗಳನ್ನು 7 ವಾರ, 8 ವಾರ, 9 ವಾರ ಎಂಬಂತೆ, ಹ್ರಸ್ವ ಹಗಲು ಆರಂಭವಾದಂದಿನಿಂದ ಹೂ ಅರಳುವವರೆಗಿನ ಅವಧಿಯ ಮೇಲೆ ವಿಂಗಡಿಸುತ್ತಾರೆ. ದಸರೆಯ ವ್ಯಾಪಾರಕ್ಕಾಗಿ ಅಕ್ಟೋಬರ್ 10ಕ್ಕೆ ಹೂ ಬೇಕೆಂದಿಟ್ಟುಕೊಂಡರೆ, 8 ವಾರದ ತಳಿಗೆ ಆಗಸ್ಟ್ 15ರಂದು ದೀಪ ನಿಲ್ಲಿಸಬೇಕು; ಅದಕ್ಕೂ 4 ವಾರ ಮೊದಲು, ಅಂದರೆ ಜುಲೈ 18ರಂದು ಸಸಿ ನೆಡಬೇಕು. ಹಬ್ಬ ಕಳೆದ ಮರುವಾರ ಅರಳಿದ ಹೂವಿಗೆ ಕೊಯ್ಲಿನ ಕೂಲಿಯೂ ಹುಟ್ಟದಿರಬಹುದು. ಆದ್ದರಿಂದ ಈ ಲೆಕ್ಕವು ಬೆಳೆಗಾರನಿಗೆ ಜೀವನೋಪಾಯದ ಪ್ರಶ್ನೆಯಾಗಿದೆ.

ಹೂಬಿಡುವಿಕೆಯ ತೊಂದರೆಗಳು ಮತ್ತು ಪರಿಹಾರ

ಮೊಗ್ಗು ಮೂಡದಿರುವುದು: ಗಿಡ ಹುಲುಸಾಗಿದ್ದೂ ಮೊಗ್ಗು ಬಾರದಿದ್ದರೆ ಮೊದಲು ಇರುಳಿನ ಕತ್ತಲನ್ನು ಪರೀಕ್ಷಿಸಬೇಕು. ಬೀದಿದೀಪ, ಪಕ್ಕದ ಕೊಠಡಿಯ ಬೆಳಕು, ಪರದೆಯಲ್ಲಿನ ತೂತು ಇವು ಸಾಮಾನ್ಯ ಕಾರಣಗಳು. ಹಗಲಿನಲ್ಲಿ ಪರದೆಯೊಳಗೆ ನಿಂತು, ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ನೋಡಿದರೆ ಬೆಳಕು ನುಸುಳುವ ಜಾಗಗಳು ಕಾಣುತ್ತವೆ. ಹುಣ್ಣಿಮೆಯ ಬೆಳಕು ಅರ್ಧ ಲಕ್ಸಿಗಿಂತಲೂ ಕಡಿಮೆ. ಅದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ.

ಅಕಾಲದಲ್ಲಿ ಮೊಗ್ಗು ಮೂಡುವುದು: ಬೆಳವಣಿಗೆಯ ಹಂತದಲ್ಲಿ ಕೆಲವು ರಾತ್ರಿ ವಿದ್ಯುತ್ ಕೈಕೊಟ್ಟರೆ, ಟೈಮರ್ ಕೆಟ್ಟರೆ ಅಥವಾ ಬಲ್ಬು ಸುಟ್ಟುಹೋದರೆ ಹೀಗಾಗುತ್ತದೆ. ಹೊಲದ ಒಂದೇ ಭಾಗದಲ್ಲಿ ಮೊಗ್ಗು ಕಂಡರೆ ಅಲ್ಲಿನ ದೀಪವನ್ನು ನೋಡಬೇಕು. ನಸುಕಿನಲ್ಲಿ ಹೊಲಕ್ಕೆ ಹೋಗುವವರಿಗೆ ನಡುರಾತ್ರಿ ಆರಿದ ದೀಪ ತಿಳಿಯುವುದಿಲ್ಲವಾದ್ದರಿಂದ ವಾರಕ್ಕೊಮ್ಮೆಯಾದರೂ ರಾತ್ರಿ ಹೊತ್ತಿನಲ್ಲಿ ಪರೀಕ್ಷಿಸುವುದು ಒಳ್ಳೆಯದು.

ಮೊಗ್ಗು ಮೂಡಿಯೂ ಅರಳದಿರುವುದು: ಮೊಗ್ಗು ಮೂಡುವ ಮಿತಿಗಿಂತ ಅರಳುವ ಮಿತಿ ಕಠಿಣವಾದದ್ದು. ಮೊಗ್ಗು ಕಂಡೊಡನೆ ಪರದೆ ಎಳೆಯುವುದನ್ನು ನಿಲ್ಲಿಸಿದರೆ ಮೊಗ್ಗು ಅಲ್ಲಿಯೇ ನಿಂತು, ಅದರ ಸುತ್ತ ಕಿರಿದಾದ ಪಟ್ಟಿಯಂತಹ ಎಲೆಗಳು ಬೆಳೆಯುತ್ತವೆ; ಕೆಳಗಿನ ಗಿಣ್ಣುಗಳಿಂದ ಹೊಸ ಕವಲುಗಳು ಹೊರಡುತ್ತವೆ.

ಹೂ ತಡವಾಗುವುದು: ಇದು ಬಹಳ ವೇಳೆ ಸೆಕೆಯ ಪರಿಣಾಮ. ಬಿಸಿಲು ಇಳಿಯುವ ಮೊದಲೇ ಕಪ್ಪು ಪರದೆ ಮುಚ್ಚಿದರೆ ಒಳಗೆ ಶಾಖ ಸೇರಿಕೊಳ್ಳುತ್ತದೆ. ಇರುಳಿನ ಉಷ್ಣತೆ ಬಹಳ ಹೆಚ್ಚಾದರೂ, ಬಹಳ ಕಡಿಮೆಯಾದರೂ ಹೂ ನಿಧಾನವಾಗುತ್ತದೆ. ಸಂಜೆ ತಡವಾಗಿ ಪರದೆ ಮುಚ್ಚಿ, ಬೆಳಗ್ಗೆ ಅಷ್ಟೇ ತಡವಾಗಿ ತೆಗೆಯುವುದು ಸರಳ ಪರಿಹಾರ.

ಎಲೆ ಹೆಚ್ಚಾಗಿ ಹೂ ಕಡಿಮೆಯಾಗುವುದು: ಸಾರಜನಕ ಮಿತಿಮೀರಿದಾಗ ಹಾಗೂ ಹಗಲಿನ ಬೆಳಕು ಸಾಲದಾದಾಗ ಕಾಣುವ ಲಕ್ಷಣ. ಕತ್ತಲು ಎಷ್ಟೇ ಸರಿಯಿದ್ದರೂ ಹಗಲಿನಲ್ಲಿ ಗಿಡಕ್ಕೆ ಆಹಾರ ತಯಾರಿಸಲು ಸಾಕಷ್ಟು ಬೆಳಕು ಬೇಕೇ ಬೇಕು.

ಹೂ ಕೊಳೆಯುವುದು: ಗಾಳಿಯಾಡದ, ತೇವ ಹೆಚ್ಚಿದ ಕೊಠಡಿಗಳಲ್ಲಿ ಬೊಟ್ರೈಟಿಸ್ ಶಿಲೀಂಧ್ರದಿಂದ ದಳಗಳು ಕಂದುಬಣ್ಣಕ್ಕೆ ತಿರುಗಿ ಬೂದು ಬಣ್ಣದ ಬೂಷ್ಟು ಕಟ್ಟುತ್ತದೆ. ಗಾಳಿಯ ಸಂಚಾರ ಹೆಚ್ಚಿಸಿ, ನೀರನ್ನು ಹೂವಿನ ಮೇಲೆ ಬೀಳದಂತೆ ಬುಡಕ್ಕೆ ಮಾತ್ರ ಉಣಿಸಬೇಕು.

ಗಾಂಜಾ ಸಸ್ಯ ಮತ್ತು ಕಾನೂನು

ಈ ವಿಜ್ಞಾನದ ಮೊದಲ ಪ್ರಯೋಗಗಳಿಗೆ ಒಳಗಾದ ಗಾಂಜಾ ಸಸ್ಯವು ಸ್ವಭಾವತಃ ಹ್ರಸ್ವ ಹಗಲಿನದು. ಕೆಲವು ದೇಶಗಳಲ್ಲಿ ಪರವಾನಗಿ ಪಡೆದವರು ಔಷಧಕ್ಕಾಗಿ ಇದನ್ನು ಒಳಾಂಗಣದಲ್ಲಿ ಬೆಳೆಯುತ್ತಾರೆ. ಇರುಳಿಗೆ ಭಂಗ ಬಂದರೆ ಅಲ್ಲಿಯೂ ಸೇವಂತಿಗೆಯಲ್ಲಿ ಕಾಣುವಂತಹ ತೊಂದರೆಗಳೇ ತಲೆದೋರುತ್ತವೆ. ಭಾರತದಲ್ಲಿ 1985ರ ಮಾದಕವಸ್ತು ಮತ್ತು ಮನೋಪರಿಣಾಮಿ ಪದಾರ್ಥಗಳ ಕಾಯಿದೆಯು ಅನುಮತಿಯಿಲ್ಲದೆ ಈ ಸಸ್ಯವನ್ನು ಬೆಳೆಯುವುದನ್ನು ನಿಷೇಧಿಸಿದೆ. ಕುಂಡದಲ್ಲಿ ಬೆಳೆದ ಒಂದು ಗಿಡವೂ ಇದಕ್ಕೆ ಹೊರತಲ್ಲ. ಕಾಯಿದೆಯ ವ್ಯಾಖ್ಯೆಯಂತೆ ಗಾಂಜಾ ಎಂದರೆ ಆ ಸಸ್ಯದ ಹೂಬಿಟ್ಟ ಅಥವಾ ಕಾಯಿಕಟ್ಟಿದ ತುದಿಗಳು. ನಾರು ಮತ್ತು ಬೀಜಕ್ಕಾಗಿ ಬೆಳೆಯಲು ಸರ್ಕಾರ ವಿಶೇಷ ಅನುಮತಿ ನೀಡಬಹುದಾಗಿದೆ.

ಮಹತ್ವ

ಹೂವಿನ ಬೇಸಾಯ, ತಳಿ ಅಭಿವೃದ್ಧಿ, ಬಿತ್ತನೆಯ ಕಾಲನಿರ್ಣಯ ಇವೆಲ್ಲಕ್ಕೂ ಈ ತತ್ತ್ವವು ಆಧಾರವಾಗಿದೆ. ನಗರಗಳಲ್ಲಿ ರಾತ್ರಿಯ ಕೃತಕ ಬೆಳಕು ಹೆಚ್ಚುತ್ತಿರುವುದರಿಂದ ಬೀದಿದೀಪದ ಕೆಳಗಿನ ಗಿಡಮರಗಳ ಋತುಚಕ್ರದಲ್ಲಿ ಆಗುವ ವ್ಯತ್ಯಾಸವೂ ಅಧ್ಯಯನದ ವಿಷಯವಾಗಿದೆ. ವಿದ್ಯಾರ್ಥಿಗಳು ಎರಡು ಕುಂಡಗಳಲ್ಲಿ ಒಂದೇ ತಳಿಯ ಸೇವಂತಿಗೆ ಸಸಿಗಳನ್ನು ನೆಟ್ಟು, ಒಂದನ್ನು ರಾತ್ರಿಯಿಡೀ ಕತ್ತಲಲ್ಲಿ, ಇನ್ನೊಂದನ್ನು ದೀಪದ ಬಳಿ ಇರಿಸಿ, ಸುಮಾರು ಎರಡು ತಿಂಗಳು ಗಮನಿಸಿದರೆ ಈ ವ್ಯತ್ಯಾಸವನ್ನು ಕಣ್ಣಾರೆ ಕಾಣಬಹುದು.